ಬ್ರೆಜಿಲ್ ಬಾಕ್ಸರನ ಎಡಗಣ್ಣು

ಪಾಪೆ ಅರಳಲೆಂದು ಹನಿ ಹಾಕಿ ಕೂರಿಸಿದರೆ ಜನ ಸಾಮಾನ್ಯವಾಗಿ ಕಣ್ಣು ಮುಚ್ಚಿ, ಗೋಡೆಗೆ ತಲೆ ಆನಿಸಿ ಕಾಯುತ್ತಾರೆ. ಇವನು ಕೂರಲೇ ಇಲ್ಲ. ಕ್ಲಿನಿಕ್ಕಿನ ಇಕ್ಕಟ್ಟು ಕಾರಿಡಾರಿನಲ್ಲಿ ನಿಂತು, ಕಣ್ಣು ಮಂಜಾಗುತ್ತಿದ್ದರೂ, ಕಾಲ್ಬೆರಳುಗಳ ಮೇಲೆ ಹಿಂದಕ್ಕೂ ಮುಂದಕ್ಕೂ ತೂಗಾಡುತ್ತಿದ್ದ. ಜೊತೆಗೆ ಬಂದಿದ್ದ ವಯಸ್ಸಾದವರು ಕುರ್ಚಿಯ ತುದಿಯಲ್ಲಿ ನೆಟ್ಟಗೆ ಕೂತು, ನಾನು ಅತ್ತಿತ್ತ ಓಡಾಡಿದಾಗಲೆಲ್ಲ ಗೌರವಕ್ಕೆ ಅರ್ಧ ಎದ್ದು ನಿಲ್ಲುತ್ತಿದ್ದರು.

“ಬಾಕ್ಸರ್. ಲೈಸೆನ್ಸಿಗೆ ಕಣ್ಣು ತೋರಿಸಬೇಕಂತೆ. ಜೊತೆಗಿರೋರು ಅವನ ಕೋಚ್,” ಎಂದಳು ನನ್ನ ಟೆಕ್ನಿಶಿಯನ್. ಅವಳೂ ಬ್ರೆಜಿಲಿನವಳು. “ಎರಡು ಸಲ ನಮ್ಮ ದೇಶದ ಚಾಂಪಿಯನ್, ಆಮೇಲೆ ಇಡೀ ದಕ್ಷಿಣ ಅಮೆರಿಕಕ್ಕೆ ಚಾಂಪಿಯನ್. ಇನ್ನೂ ಒಂದು ಪಂದ್ಯ ಕೂಡ ಸೋತಿಲ್ಲ. ನೀವು ಅವನ ಹೆಸರೇ ಕೇಳಿಲ್ವಾ, ಡಾಕ್ಟರ್?”

ಕೇಳಿರಲಿಲ್ಲ. ಟಿವಿಯಲ್ಲಿ ಬಾಕ್ಸಿಂಗ್ ಬಂದರೆ ಚಾನೆಲ್ ಬದಲಾಯಿಸುವವಳು ನಾನು. ನಮ್ಮದು ಹಲವು ಕಣ್ಣಿನ ವೈದ್ಯರು ಸೇರಿ ನಡೆಸುತ್ತಿದ್ದ ಪ್ರಾಕ್ಟೀಸು. ಮುಖ್ಯ ಕ್ಲಿನಿಕ್ ನ್ಯೂಜೆರ್ಸಿಯ ಎಡಿಸನ್ ಊರಿನಲ್ಲಿ. ವಾರಕ್ಕೊಂದು ದಿನ ನಾನು ನ್ಯೂಅರ್ಕಿನ ಐರನ್‌ಬೌಂಡ್ ಬಡಾವಣೆಯ ಶಾಖೆಗೆ ಹೋಗುತ್ತಿದ್ದೆ. ಪೋರ್ಚುಗೀಸರೂ ಬ್ರೆಜಿಲಿನವರೂ ತುಂಬಿರುವ ಬಡಾವಣೆ ಅದು. ಇಸವಿ ಎರಡು ಸಾವಿರವಾದರೆ ಕಂಪ್ಯೂಟರುಗಳೆಲ್ಲ ಕೆಡುತ್ತವೆ ಎಂಬ ವೈ ಟು ಕೆ ಗಲಾಟೆ ಮುಗಿದು ಎಲ್ಲರೂ ಉಸಿರು ಬಿಟ್ಟಿದ್ದ ವಸಂತ. ನ್ಯೂಜೆರ್ಸಿಯಲ್ಲಿ ಸಾಫ್ಟ್‌ವೇರ್ ಬಿಟ್ಟು ಬೇರೆ ಏನನ್ನಾದರೂ ಯಾರಾದರೂ ಮಾಡುತ್ತಾರೆಯೇ ಎಂದು ಸಂಶಯ ಬರುತ್ತಿದ್ದ ಕಾಲ. ಕಣ್ಣಿನ ಹಿಂಭಾಗದ ಪರದೆ, ಅಂದರೆ ರೆಟಿನಾ, ನನ್ನ ವಿಷಯ.

ಪಾಪೆ ಅರಳುವವರೆಗೆ ಕೋಚ್ ಸುಮ್ಮನಿರಲಿಲ್ಲ. ಟೆಕ್ನಿಶಿಯನ್ ಅನುವಾದಿಸುತ್ತಾ ಹೋದಳು.

“ದೊಟೋರಾ, ನೀವು ಇಂಡಿಯಾದವರಾ?” ಪೋರ್ಚುಗೀಸಿನಲ್ಲಿ ಡಾಕ್ಟರಮ್ಮನಿಗೆ ದೊಟೋರಾ ಎನ್ನುತ್ತಾರೆ. “ಮಾಂಸ ತಿನ್ನಲ್ವಾ?”

“ತಿನ್ನಲ್ಲ.”

ಕೋಚ್ ತೊಡೆ ತಟ್ಟಿಕೊಂಡರು. “ನಮ್ಮ ದೇಶದ ಹಳೇ ವಿಶ್ವ ಚಾಂಪಿಯನ್ ಒಬ್ಬರಿದ್ದರು, ಅವರೂ ತಿನ್ನುತ್ತಿರಲಿಲ್ಲ! ತರಕಾರಿ ತಿಂದುಕೊಂಡೇ ಘಟಾನುಘಟಿಗಳನ್ನ ಮಲಗಿಸಿದರು. ಅವರ ಪಂದ್ಯ ಅಂದ್ರೆ ಇಡೀ ಬೀದಿ ಒಂದು ರೇಡಿಯೋ ಸುತ್ತ ಕೂರ್ತಿತ್ತು. ಫುಟ್‌ಬಾಲ್ ದೇಶ ನಮ್ಮದು. ಅಲ್ಲಿ ಬಾಕ್ಸರ್ ಅಂದ್ರೆ ಯಾರೂ ತಿರುಗಿ ನೋಡಲ್ಲ. ಆದರೂ ಪ್ರತಿ ತಲೆಮಾರಿಗೂ ಒಬ್ಬ ಎದ್ದು ಬರ್ತಾನೆ.” ಆಮೇಲೆ ಕಾರಿಡಾರಿನಲ್ಲಿ ತೂಗಾಡುತ್ತಿದ್ದವನ ಕಡೆ ಗದ್ದ ಎತ್ತಿ ತೋರಿಸಿದರು. “ಈ ತಲೆಮಾರಿಗೆ ಇವನು.”

ಅಟ್ಲಾಂಟಿಕ್ ಸಿಟಿಯಲ್ಲಿ ಒಂದು ತಿಂಗಳಲ್ಲಿ ಪಂದ್ಯವಿತ್ತು. ಉತ್ತರ ದಕ್ಷಿಣ ಎರಡೂ ಅಮೆರಿಕ ಸೇರಿಸಿ ಲೈಟ್‌ವೇಟ್ ಎಂಬ ತೂಕದ ವರ್ಗದ ಪಟ್ಟ. ಗೆದ್ದವನಿಗೆ ಮುಂದೆ ವಿಶ್ವ ಪಟ್ಟಕ್ಕೆ ದಾರಿ. ಹೊಸ ಇಂಟರ್‌ನೆಟ್ ಕಂಪನಿಯೊಂದು ಆ ಪಂದ್ಯವನ್ನು ಕಂಪ್ಯೂಟರಿನಲ್ಲೇ ನೇರವಾಗಿ ತೋರಿಸುತ್ತದಂತೆ. ಊರಿನಲ್ಲಿ ಅವನ ತಾಯಿಯೂ ನೋಡಬಹುದಂತೆ.

ಒಳಗೆ ಕರೆದು ಮಲಗಿಸಿದೆ. ತಲೆಗೆ ದೀಪದ ಪಟ್ಟಿ ಕಟ್ಟಿಕೊಂಡು, ಕೈಯಲ್ಲಿ ಮಸೂರ ಹಿಡಿದು ಬಲಗಣ್ಣು ನೋಡಿದೆ. ಚೊಕ್ಕಟವಾಗಿತ್ತು. ಎಡಗಣ್ಣಿನ ನಡುಭಾಗವೂ ಚೆನ್ನಾಗಿಯೇ ಇತ್ತು. ಅಂಚು ಕಾಣಬೇಕಾದರೆ ಲೋಹದ ಸಣ್ಣ ಕಡ್ಡಿಯಿಂದ ರೆಪ್ಪೆಯ ಮೇಲೆ ಒತ್ತಿ ಕಣ್ಣುಗುಡ್ಡೆಯನ್ನು ಒಳಕ್ಕೆ ತಳ್ಳಬೇಕು. ಹಿತವಲ್ಲದ ಕೆಲಸ. ಅವನು ಮಿಸುಕಲಿಲ್ಲ. ಮೂಗಿನ ಕಡೆ, ಮೇಲ್ಭಾಗದಲ್ಲಿ ಒತ್ತಿದಾಗ ಅದು ಕಾಣಿಸಿತು. ಕುದುರೆ ಲಾಳದ ಆಕಾರದ ಹರುಕು. ತುದಿ ಸ್ವಲ್ಪ ಎದ್ದಿತ್ತು. ಸುತ್ತ ತೆಳ್ಳಗೆ ನೀರು ಸೇರತೊಡಗಿತ್ತು.

ಇನ್ನೊಮ್ಮೆ ಒತ್ತಿ ನೋಡಿದೆ. ಅನುಮಾನವೇ ಇರಲಿಲ್ಲ.

“ಕಣ್ಣಲ್ಲಿ ಮಿಂಚು ಹೊಡೆದ ಹಾಗೆ ಆಗುತ್ತಾ?” ಎಂದು ಕೇಳಿದೆ.

ಅವನು ಕೋಚಿನ ಕಡೆ ನೋಡಿ, “ಇಲ್ಲ,” ಎಂದ. ಇನ್ನೊಮ್ಮೆ ಕೇಳಿದೆ. “ಕತ್ತಲಲ್ಲಿ ತಲೆ ತಿರುಗಿಸಿದರೆ ಆಗುತ್ತೆ. ಪೆಟ್ಟು ತಿನ್ನೋರಿಗೆಲ್ಲ ನಕ್ಷತ್ರ ಕಾಣುತ್ತೆ ಅಲ್ವಾ, ಡಾಕ್ಟರ್?”

ಮೇಜಿನ ಮೇಲಿದ್ದ ಪ್ಲಾಸ್ಟಿಕ್ಕಿನ ಮಾದರಿ ಕಣ್ಣನ್ನು ಬಿಚ್ಚಿ ತೋರಿಸಿ ಹೇಳಿದೆ: ಗೋಡೆಗೆ ಅಂಟಿಸಿದ ಕಾಗದ ಒಂದು ಮೂಲೆಯಲ್ಲಿ ಹರಿದಿದೆ. ಹರಿದ ಜಾಗದಿಂದ ನೀರು ಹಿಂದಕ್ಕೆ ನುಗ್ಗಿದರೆ ಇಡೀ ಕಾಗದ ಕಳಚಿ ಬೀಳುತ್ತದೆ. ಈಗಲೇ ಸುತ್ತ ಲೇಸರ್ ಹೊಡೆದು ಬೆಸುಗೆ ಹಾಕಿದರೆ ಕಣ್ಣು ಉಳಿಯುತ್ತದೆ. ಮುಖಕ್ಕೆ ಒಂದು ಗಟ್ಟಿ ಗುದ್ದು ಬಿದ್ದರೆ ಆ ಕಣ್ಣಿನ ದೃಷ್ಟಿಯೇ ಹೋಗಬಹುದು. ಲೈಸೆನ್ಸಿಗೆ ನಾನು ಸಹಿ ಮಾಡಲಾರೆ.

ಟೆಕ್ನಿಶಿಯನ್ ಕೊನೆಯ ವಾಕ್ಯವನ್ನು ಅನುವಾದಿಸಲು ತಡಮಾಡಿದಳು. ಅವನಿಗೆ ಅಷ್ಟು ಇಂಗ್ಲಿಷು ಅರ್ಥವಾಗಿತ್ತು.

“ಪಂದ್ಯ ಮುಗಿಸಿಕೊಂಡು ಬರ್ತೀನಿ. ಆಮೇಲೆ ಏನು ಬೇಕಾದ್ರೂ ಮಾಡಿ,” ಎಂದ.

“ಆಮೇಲೆ ಮಾಡೋಕೆ ಏನೂ ಉಳಿಯದೇ ಇರಬಹುದು.”

ಅವನು ಎದ್ದು, ಬಹಳ ಮರ್ಯಾದೆಯಿಂದ ನನ್ನ ಕೈ ಕುಲುಕಿ, ಪಾಪೆ ಅರಳಿದ ಕಣ್ಣುಗಳನ್ನು ಬಿಸಿಲಿಗೆ ಕಿರಿದು ಮಾಡಿಕೊಂಡು ಹೊರಗೆ ನಡೆದೇಬಿಟ್ಟ. ಕೋಚ್ ಬಾಗಿಲ ತನಕ ಹೋದವರು ತಿರುಗಿ ನನ್ನನ್ನು ಒಮ್ಮೆ ನೋಡಿದರು.

ಮಾರನೆಯ ದಿನ ಪಂದ್ಯ ಏರ್ಪಡಿಸುತ್ತಿದ್ದವನ ಫೋನು ಬಂತು. ಬಲು ನಯದ ಮಾತು. ಟಿಕೆಟ್ಟುಗಳು ಮಾರಾಟವಾಗಿವೆ, ಇಂಟರ್‌ನೆಟ್ಟಿನವರು ಕಾಯುತ್ತಿದ್ದಾರೆ, ಹುಡುಗನಿಗೆ ಕಣ್ಣು ಚೆನ್ನಾಗಿಯೇ ಕಾಣುತ್ತಿದೆಯಲ್ಲ ಎಂದ. ರೋಗಿಯ ವಿಷಯ ನಿಮ್ಮ ಹತ್ತಿರ ಮಾತಾಡಲಾರೆ ಎಂದೆ. “ಪರವಾಗಿಲ್ಲ ಡಾಕ್ಟರ್, ಸಹಿ ಹಾಕೋರು ಬೇರೆ ಯಾರಾದ್ರೂ ಸಿಗ್ತಾರೆ,” ಎಂದು ಇಟ್ಟುಬಿಟ್ಟ. ನನ್ನನ್ನು ಕಾಡಿದ್ದು ಆ ಮಾತು. ಬೇರೆ ವೈದ್ಯರು ಸುಳ್ಳು ಬರೆಯಬೇಕಿರಲಿಲ್ಲ. ಕಡ್ಡಿ ಒತ್ತಿ ಅಂಚು ನೋಡುವಷ್ಟು ಪುರಸೊತ್ತು ಇಲ್ಲದಿದ್ದರೆ ಸಾಕು, ಆ ಹರುಕು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ನಮ್ಮ ಪ್ರಾಕ್ಟೀಸಿನ ಹಿರಿಯ ವೈದ್ಯರಿಗೆ ವಿಷಯ ತಿಳಿಸಿದೆ. ಒಳ್ಳೆಯ ಮನುಷ್ಯ, ನನಗಿಂತ ಬಹಳ ಕಣ್ಣುಗಳನ್ನು ಕಂಡವರು. “ಇನ್ನು ಬಾಕ್ಸಿಂಗ್ ಆಡಲೇಬಾರದು ಅಂತ ಬರೆದು ಫೈಲ್ ಮುಚ್ಚು. ಲೇಸರ್ ಮಾಡಿ ಆಡಲು ಬಿಟ್ಟು, ನಾಳೆ ಇನ್ನೊಂದು ಕಡೆ ಹರಿದರೆ, ಕೋರ್ಟಿನಲ್ಲಿ ನಿಲ್ಲೋಳು ನೀನು,” ಎಂದರು. ಆ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ‘ಇನ್ನು ಆಡಲೇಬಾರದು’ ಎಂಬ ಕಾಗದ ಕೈಗೆ ಬಂದರೆ ಅವನು ಚಿಕಿತ್ಸೆಗೆ ಖಂಡಿತ ಬರುವುದಿಲ್ಲ ಎಂದು ನನಗೆ ಅನಿಸುತ್ತಿತ್ತು.

ಮನೆ ಕೆಂಡಲ್ ಪಾರ್ಕಿನಲ್ಲಿ. ಊಟಕ್ಕೆ ಕೂತಾಗ ಯಾರೆಂದು ಹೇಳದೆ ಯಜಮಾನರಿಗೆ ಅಷ್ಟಿಷ್ಟು ಹೇಳಿದೆ. ಅವರು ಇನ್ಶೂರೆನ್ಸ್ ಕಂಪನಿಯೊಂದರ ಪ್ರೋಗ್ರಾಮರು.

“ಪ್ರೊಡಕ್ಷನ್‌ಗೆ ಹೋಗೋ ಮುಂಚೆನೇ ಬಗ್ ಸಿಕ್ಕಿದೆ ಅಂದ್ರೆ ಲಕ್ಕಿ ಅಲ್ವಾ ಅವನು? ಫಿಕ್ಸ್ ಮಾಡಿಸ್ಕೊಳ್ಳೋಕೆ ಏನು ಪ್ರಾಬ್ಲಂ?”

“ಫಿಕ್ಸ್ ಮಾಡಿಸ್ಕೊಂಡ್ರೆ ಮ್ಯಾಚ್ ಹೋಗುತ್ತಲ್ಲ ರೀ. ಇಷ್ಟು ವರ್ಷ ಗುದ್ದು ತಿಂದು ಇಲ್ಲಿವರೆಗೆ ಬಂದಿದಾನೆ.”

“ಹಂಗಾದ್ರೆ ಫಿಕ್ಸ್ ಆದ್ಮೇಲೆ ಏನು ಸಿಗುತ್ತೆ ಅಂತ ಅವನಿಗೆ ಯಾರಾದ್ರೂ ಹೇಳಿದಾರಾ?” ಅನ್ನದ ಪಾತ್ರೆ ಎಳೆದುಕೊಳ್ಳುತ್ತಾ ಅವರು ಸಹಜವಾಗಿ ಕೇಳಿದರು. “ನೀನು ಬರೀ ಏನು ಹೋಗುತ್ತೆ ಅಂತ ಹೇಳಿರ್ತೀಯ.”

ನಿಜ. ನಾನು ಹೇಳಿದ್ದೆಲ್ಲ ಹೋಗುವುದರ ಲೆಕ್ಕವೇ. ಆಡಬಹುದೇ ಇಲ್ಲವೇ ಎಂಬ ಪ್ರಶ್ನೆಯನ್ನು ನಾನು ಸರಿಯಾಗಿ ಓದಿಕೊಂಡೂ ಇರಲಿಲ್ಲ. ವಾರಾಂತ್ಯವೆಲ್ಲ ಓದಿದೆ. ಪೆಟ್ಟು ತಿಂದ ಕಣ್ಣುಗಳ ಬಗ್ಗೆ ಸಿಕ್ಕ ಲೇಖನಗಳನ್ನೆಲ್ಲ ತರಿಸಿಕೊಂಡೆ. ಬೇರೆ ಊರುಗಳ ಇಬ್ಬರು ರೆಟಿನಾ ವೈದ್ಯರ ಜೊತೆ ಫೋನಿನಲ್ಲಿ ಮಾತಾಡಿದೆ. ಹರುಕು ಚಿಕ್ಕದಿದ್ದು, ಬೆಸುಗೆ ಗಟ್ಟಿಯಾಗಿ ಕೂತು, ಉಳಿದ ರೆಟಿನಾ ಆರೋಗ್ಯವಾಗಿದ್ದರೆ ಮತ್ತೆ ಅಖಾಡಕ್ಕೆ ಇಳಿದವರು ಇದ್ದಾರೆ. ಅಪಾಯ ಸೊನ್ನೆಯಾಗುವುದಿಲ್ಲ, ಆದರೆ ಬಾಕ್ಸರನಿಗೆ ಅದು ಎಂದೂ ಸೊನ್ನೆಯಿರುವುದಿಲ್ಲ.

ಮುಂದಿನ ವಾರ ನ್ಯೂಅರ್ಕಿನ ಕೆಲಸ ಮುಗಿಸಿ ಟೆಕ್ನಿಶಿಯನ್ ಜೊತೆ ಅವರ ಜಿಮ್ಮಿಗೆ ನಡೆದುಕೊಂಡೇ ಹೋದೆ. ರೋಗಿಯ ಹಿಂದೆ ವೈದ್ಯರು ಹೋಗುವುದು ನಮ್ಮ ಪದ್ಧತಿಯಲ್ಲ. ಬೇಕರಿಯೊಂದರ ಹಿಂದಿನ ಹಳೆಯ ಗೋದಾಮಿನಲ್ಲಿ ಜಿಮ್ಮು. ಬೆವರು ಮತ್ತು ಬ್ರೆಡ್ಡು ಎರಡರ ವಾಸನೆಯೂ ಒಟ್ಟಿಗೆ. ಅವನು ದೊಡ್ಡ ಚೀಲಕ್ಕೆ ಗುದ್ದುತ್ತಿದ್ದ. ಮರಳುಮೂಟೆಯಂಥ ಅದು ಪ್ರತಿ ಏಟಿಗೂ ಮಡಚಿಕೊಳ್ಳುತ್ತಿತ್ತು. ನನ್ನನ್ನು ಕಂಡು ನಿಲ್ಲಿಸಿದ.

“ಐದು ನಿಮಿಷ ಕೊಡು ಸಾಕು,” ಎಂದೆ. “ಬಲಗಣ್ಣು ಮುಚ್ಚಿಕೋ. ನೇರ ನನ್ನ ಮೂಗು ನೋಡು.”

ನನ್ನ ಬಲಗೈ ಮುಷ್ಟಿ ಮಾಡಿದೆ. ಜೀವಮಾನದಲ್ಲಿ ಮುಷ್ಟಿ ಮಾಡಿ ಗೊತ್ತಿಲ್ಲದ ಕೈ. ಹೆಬ್ಬೆರಳು ಒಳಗೆ ಸಿಕ್ಕಿಕೊಂಡಿತ್ತು. ಕೋಚ್ ಬಂದು ಅದನ್ನು ಬಿಡಿಸಿ ಹೊರಗೆ ಇಟ್ಟರು. ಆ ಮುಷ್ಟಿಯನ್ನು ಅವನ ಎಡಸೊಂಟದ ಬದಿಯಿಂದ ನಿಧಾನವಾಗಿ ಮೇಲಕ್ಕೆ ತಂದೆ.

“ಕಾಣ್ತಿದೆಯಾ?”

“ಕಾಣ್ತಿದೆ.”

“ಕಣ್ಣಿನೊಳಗೆ ಎಲ್ಲ ತಿರುವುಮುರುವು. ಮೂಗಿನ ಕಡೆಯ ರೆಟಿನಾ ಹೊರಗಡೆಯದನ್ನು ನೋಡುತ್ತೆ, ಮೇಲಿನದು ಕೆಳಗಡೆಯದನ್ನು ನೋಡುತ್ತೆ. ನಿನಗೆ ಈ ಮುಷ್ಟಿ ತೋರಿಸ್ತಾ ಇರೋದು ಆ ಹರಿದ ಮೂಲೆಯ ಪಕ್ಕದ ಜಾಗ. ಪರದೆ ಕಳಚೋಕೆ ಶುರುವಾದರೆ ಮೊದಲು ಕತ್ತಲಾಗೋದು ಇದೇ ದಾರಿ. ಎದುರಾಳಿಯ ಬಲಗೈ ಕೆಳಗಿಂದ ಬರೋದು ನಿನಗೆ ಕಾಣೋದೇ ಇಲ್ಲ.”

ಟೆಕ್ನಿಶಿಯನ್ ಅನುವಾದಿಸಿ ಮುಗಿಸುವ ಮೊದಲೇ ಕೋಚಿನ ಮುಖ ಬದಲಾಯಿತು. ಕಣ್ಣಿನ ವಿಷಯವಾಗಿ ಕೇಳಿದ್ದು ಈಗ ಅವರಿಗೆ ಬಾಕ್ಸಿಂಗ್ ವಿಷಯವಾಗಿ ಕೇಳಿಸಿತ್ತು. ರಿಂಗಿನ ಹಗ್ಗದ ಮೇಲೆ ಕೈಯೂರಿ ಅವನ ಕಡೆ ತಿರುಗಿದರು.

“ನಮ್ಮಲ್ಲಿ ಒಬ್ಬರಿದ್ದರು,” ಎಂದು ಅವನಿಗೆ ಹೇಳಿದರು. “ಒಲಿಂಪಿಕ್ಸಿಗೆ ಹೋಗಿ ಪದಕ ತಂದವರು. ನಮಗೆಲ್ಲ ದೇವರ ಸಮಾನ. ಇನ್ನೇನು ವಿಶ್ವ ಪಟ್ಟ ಅನ್ನೋ ಹೊತ್ತಿಗೆ ಕಣ್ಣು ಕೈಕೊಟ್ಟಿತು. ಆಟ ಮುಗಿದೇ ಹೋಯ್ತು. ಅವರಿಗೆ ಈ ಲೇಸರ್ ಇರಲಿಲ್ಲ. ಕಪಾಟಿನಲ್ಲಿ ಎಷ್ಟು ಪದಕ ಇದ್ದರೇನು, ನಾವೆಲ್ಲ ಇವತ್ತಿಗೂ ಅವರು ಆಡದೇ ಹೋದ ಪಂದ್ಯಗಳ ಬಗ್ಗೆನೇ ಮಾತಾಡ್ತೀವಿ.”

ಬಾಕ್ಸರ್ ಕೈಗವಸು ಬಿಚ್ಚದೆ ಬೆಂಚಿನ ಮೇಲೆ ಕೂತ. “ಲೇಸರ್ ಮಾಡಿಸಿಕೊಂಡ್ರೆ ಮತ್ತೆ ಆಡಬಹುದಾ? ನಿಜ ಹೇಳಿ.”

ಹಿರಿಯ ವೈದ್ಯರ ಮಾತು ನೆನಪಿನಲ್ಲಿತ್ತು. ಇಲ್ಲ ಎಂದುಬಿಟ್ಟರೆ ನಾನು ಕ್ಷೇಮ. ಆದರೆ ಅದು ನನಗೆ ಗೊತ್ತಿದ್ದ ನಿಜವಲ್ಲ.

“ಆಡಬಹುದು ಅಂತ ಮಾತು ಕೊಡಲಾರೆ,” ಎಂದೆ. “ಬೆಸುಗೆ ಕೂರದಿದ್ದರೆ ನಾನೇ ನಿನ್ನನ್ನು ನಿಲ್ಲಿಸ್ತೀನಿ. ಕೂತರೆ, ಲೈಸೆನ್ಸ್ ಮಂಡಳಿಯ ಮುಂದೆ ನಾನೇ ಬಂದು ನಿಂತು, ಇವನು ಆಡಬಹುದು ಅಂತ ಹೇಳ್ತೀನಿ. ಕಾಗದ ಕಳಿಸಿ ಮನೆಯಲ್ಲಿ ಕೂರಲ್ಲ.”

ಅವನು ಹಲ್ಲಿನಿಂದ ಕೈಗವಸಿನ ದಾರ ಎಳೆದು ಬಿಚ್ಚಿದ.

ಲೇಸರ್ ಯಂತ್ರ ಇದ್ದದ್ದು ಎಡಿಸನ್ನಿನಲ್ಲಿ. ಮರುದಿನ ಬೆಳಗಿನ ಟ್ರೈನಿನಲ್ಲಿ ಇಬ್ಬರೂ ಬಂದರು. ಕಣ್ಣಿಗೆ ಮರಗಟ್ಟಿಸುವ ಹನಿ ಹಾಕಿ, ಕನ್ನಡಿಗಳಿರುವ ದಪ್ಪ ಮಸೂರವೊಂದನ್ನು ಕಣ್ಣಿನ ಮೇಲೆ ಕೂರಿಸಿ, ಗದ್ದ ಆನಿಸಲು ಹೇಳಿದೆ. ಪೆಡಲ್ ಒತ್ತಿದಾಗಲೆಲ್ಲ ಹಸಿರು ಬೆಳಕು ಮಿಂಚಿ, ರೆಟಿನಾದ ಮೇಲೆ ಬಿಳಿ ಚುಕ್ಕೆ ಮೂಡುತ್ತಿತ್ತು. ಹರುಕಿನ ಸುತ್ತ ರಂಗೋಲಿ ಚುಕ್ಕೆಯ ಹಾಗೆ ಸಾಲುಸಾಲಾಗಿ ಇಡುತ್ತಾ ಹೋದೆ. ಅಷ್ಟು ಗುದ್ದು ತಿಂದವನು ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದು ಬೆವರಿದ್ದ. “ಗುದ್ದು ಕೊಡೋನು ಕಣ್ಣೆದುರಿಗೆ ಇರ್ತಾನೆ. ಇದು ಎಲ್ಲಿಂದ ಬರುತ್ತೆ ಅಂತಾನೇ ಗೊತ್ತಾಗಲ್ಲ,” ಎಂದ.

ಪಂದ್ಯ ಬೇರೆಯವನ ಪಾಲಾಯಿತು. ಆ ಸುದ್ದಿ ಬಂದ ವಾರವೇ ಮರುಪರೀಕ್ಷೆ. ಮೂರು ಬದಿಗೂ ಚುಕ್ಕೆಗಳು ಕಂದುಗಪ್ಪಾಗಿ, ಬೆಸುಗೆ ಚೆನ್ನಾಗಿ ಕೂತಿತ್ತು. ಆದರೆ ಕಣ್ಣಿನ ಮುಂಭಾಗದ ಅಂಚಿನಲ್ಲಿ ನೀರು ಸಾಲನ್ನು ದಾಟಿ ಒಂದಿಷ್ಟು ಮುಂದೆ ಸರಿದಿತ್ತು. ಲೇಸರ್ ಅಲ್ಲಿಗೆ ಸರಿಯಾಗಿ ತಲುಪಿರಲಿಲ್ಲ. ನೀರಿನ ಮೇಲೆ ಬೆಸುಗೆ ಕಚ್ಚುವುದಿಲ್ಲ.

ಇನ್ನೊಂದು ಚಿಕಿತ್ಸೆ ಬೇಕು ಎಂದಾಗ ಅವನು ಮೊದಲ ಸಲ ದನಿ ಏರಿಸಿದ. “ಪಂದ್ಯಾನೂ ಹೋಯ್ತು, ಕಣ್ಣೂ ಸರಿಹೋಗಲಿಲ್ಲ! ನೀವು ಹೇಳಿದ್ದನ್ನ ನಂಬಿದ್ದಕ್ಕೆ ಇದಾ ಸಿಕ್ಕಿದ್ದು?”

ಟೆಕ್ನಿಶಿಯನ್ ಅದನ್ನು ಮೆತ್ತಗೆ ಮಾಡಿ ಅನುವಾದಿಸಲು ನೋಡಿದಳು. ಬೇಡ, ಅರ್ಥವಾಯಿತು ಎಂದೆ. ಒಂದು ಕಾಗದದ ಮೇಲೆ ಅವನ ಕಣ್ಣಿನ ಚಿತ್ರ ಬರೆದು, ಎಲ್ಲಿ ಕೂತಿದೆ, ಎಲ್ಲಿ ಕೂತಿಲ್ಲ ಎಂದು ಬಣ್ಣದ ಪೆನ್ಸಿಲಿನಲ್ಲಿ ಗುರುತು ಮಾಡಿ ಅವನ ಕೈಗೆ ಕೊಟ್ಟೆ. ಅವನು ಅದನ್ನು ನೋಡುತ್ತಾ ನೋಡುತ್ತಾ ತಣ್ಣಗಾದ. “ಉಳಿದಿರೋದು ಇಷ್ಟೇನಾ?” ಎಂದು ಬೆರಳಿಟ್ಟು ಕೇಳಿದ.

“ಅಷ್ಟೇ.”

ಈ ಸಲ ಬೆಂಕಿಯಲ್ಲ, ಮಂಜು. ಕಣ್ಣಿನ ಪಕ್ಕದಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ತುದಿ ಹೆಪ್ಪುಗಟ್ಟುವಷ್ಟು ತಣ್ಣಗಾಗುವ ಪೆನ್ನಿನಂಥ ಸಲಕರಣೆಯನ್ನು ಕಣ್ಣುಗುಡ್ಡೆಯ ಹೊರಗಿನಿಂದ ಒತ್ತಿ ಹಿಡಿಯಬೇಕು. ಒಳಗಿನಿಂದ ನೋಡುತ್ತಿದ್ದರೆ ರೆಟಿನಾ ಆ ಜಾಗದಲ್ಲಿ ಬೆಳ್ಳಗಾಗುತ್ತದೆ. ಬೆಳ್ಳಗಾದ ಕ್ಷಣವೇ ನಿಲ್ಲಿಸಬೇಕು. ಹೆಚ್ಚಾದರೆ ಹೊಸ ಗಾಯ. ಕೈ ನಡುಗದಂತೆ ಉಸಿರು ಹಿಡಿದು ಒಂದೊಂದೇ ಜಾಗ ಮುಟ್ಟಿದೆ. ಮಾರನೆಯ ದಿನ ಅವನ ರೆಪ್ಪೆ ಸೋತ ಬಾಕ್ಸರನ ರೆಪ್ಪೆಯಂತೆ ಊದಿತ್ತು.

ಆಮೇಲಿನದೆಲ್ಲ ಕಾಯುವ ಕೆಲಸ. ಮೊದಲು ನಡಿಗೆ ಮಾತ್ರ, ಆಮೇಲೆ ಓಟ, ಚೀಲಕ್ಕೆ ಗುದ್ದುವುದು ಬಹಳ ತಡವಾಗಿ, ಮುಖಕ್ಕೆ ಪೆಟ್ಟು ಬೀಳುವ ಅಭ್ಯಾಸ ಬೇಡವೇ ಬೇಡ. ಕೋಚ್ ಆ ಬೇಸಿಗೆಯನ್ನು ವ್ಯರ್ಥ ಮಾಡಲಿಲ್ಲ. ಒಂದು ದಿನ ಕ್ಲಿನಿಕ್ಕಿನಲ್ಲೇ ಎದ್ದು ನಿಂತು ತೋರಿಸಿದರು: ಅವನು ಎಡಗೈಯಿಂದ ಜಾಬ್, ಅಂದರೆ ಚುರುಕಾದ ನೇರ ಗುದ್ದು, ಹೊಡೆದ ಮೇಲೆ ಆ ಕೈ ಕೆನ್ನೆಗೆ ವಾಪಸು ಬರುವ ಬದಲು ಎದೆಯ ಹತ್ತಿರಕ್ಕೆ ಇಳಿಯುತ್ತಿತ್ತು. ಎದುರಾಳಿಗಳ ಬಲಗೈಗೆ ಎಡಗಣ್ಣು ಸಿಗುತ್ತಿದ್ದದ್ದು ಹಾಗೆ. “ಗೆಲ್ತಾ ಇದ್ದ, ಅದಕ್ಕೆ ಯಾರೂ ತಿದ್ದಲಿಲ್ಲ. ನಾನೂ ತಿದ್ದಲಿಲ್ಲ,” ಎಂದರು. ಈಗ ಎದುರಾಳಿಯೇ ಇಲ್ಲದೆ, ಕನ್ನಡಿಯ ಮುಂದೆ, ದಿನವೂ ಅದೊಂದೇ: ಎಡಗೈ ಚಾಚು, ಕೆನ್ನೆಗೆ ತಾ. ನಾನು ಕಣ್ಣಿಗೆ ಮಾಡುತ್ತಿದ್ದ ಕೆಲಸವನ್ನು ಅವರು ಕೈಗೆ ಮಾಡುತ್ತಿದ್ದರು.

ಎಲೆ ಉದುರುವ ಹೊತ್ತಿಗೆ ನೀರು ಪೂರ್ತಿ ಇಂಗಿತ್ತು. ಹರುಕಿನ ಸುತ್ತ ಕಪ್ಪು ಕೋಟೆಯಂತೆ ಗಾಯದ ಗುರುತು ಎಲ್ಲ ಬದಿಗೂ ಕೂಡಿಕೊಂಡಿತ್ತು. ದೃಷ್ಟಿಯ ಹರವು ಅಳೆಯುವ ಪರೀಕ್ಷೆ ಮಾಡಿಸಿದೆ; ಬದಿಯಿಂದ ಬರುವ ಬೆಳಕಿನ ಚುಕ್ಕೆಗಳಲ್ಲಿ ಎಡಗಣ್ಣು ಒಂದನ್ನೂ ಬಿಡಲಿಲ್ಲ.

ಮಂಡಳಿಯ ಸಭೆ ಟ್ರೆಂಟನ್ನಿನಲ್ಲಿ. ಹಿರಿಯ ವೈದ್ಯರು ಕೊನೆಯ ಸಲ ಕೇಳಿದರು, “ಯೋಚನೆ ಮಾಡಿದೀಯಾ?” ಮಾಡಿದ್ದೇನೆ ಎಂದೆ. “ಹಾಗಾದರೆ ಚಿತ್ರಗಳನ್ನ ದೊಡ್ಡದಾಗಿ ಪ್ರಿಂಟ್ ಹಾಕಿಸು. ಅವರೆಲ್ಲ ಮೂಳೆ ಡಾಕ್ಟರು, ನರದ ಡಾಕ್ಟರು. ಕಣ್ಣು ಅವರಿಗೆ ಗೊತ್ತಿರಲ್ಲ,” ಎಂದರು. ಒಪ್ಪದಿದ್ದರೂ ಕೈಬಿಡಲಿಲ್ಲ.

ಮೂವರು ವೈದ್ಯರಿದ್ದರು. ನಾನು ರೇಷ್ಮೆ ಸೀರೆ ಉಟ್ಟು ಹೋಗಿದ್ದೆ; ಮದುವೆಗಳಿಗೆ ಬಿಟ್ಟರೆ ಅಮೆರಿಕದಲ್ಲಿ ಸೀರೆ ಉಟ್ಟವಳಲ್ಲ. ಆ ದಿನ ಯಾಕೋ ಅದೇ ಬೇಕೆನಿಸಿತ್ತು. ಮೊದಲ ಪರೀಕ್ಷೆಯಿಂದ ಕೊನೆಯದರವರೆಗೆ ಒಂದೊಂದೇ ಚಿತ್ರ ಇಟ್ಟು ವಿವರಿಸಿದೆ. ಅಪಾಯ ಎಷ್ಟು ಉಳಿದಿದೆ ಎಂಬುದನ್ನೂ ಮುಚ್ಚಿಡಲಿಲ್ಲ. ನಡುವೆ ಕೂತಿದ್ದ ವೈದ್ಯರು ಕನ್ನಡಕ ತೆಗೆದು ಕೇಳಿದರು:

“ಡಾಕ್ಟರ್, ಇವನು ನಿಮ್ಮ ಸ್ವಂತ ಮಗ ಆಗಿದ್ದರೆ ಆಡೋಕೆ ಬಿಡ್ತಿದ್ದಿರಾ?”

“ನನ್ನ ಮಗ ಆಗಿದ್ದರೆ ಬಾಕ್ಸಿಂಗೇ ಬೇಡ ಅಂತಿದ್ದೆ, ಕಣ್ಣು ಹರಿಯೋದಕ್ಕೂ ಮುಂಚೆ,” ಎಂದೆ. “ಅದು ತಾಯಿಗೆ ಕೇಳೋ ಪ್ರಶ್ನೆ. ನನ್ನನ್ನು ಕಣ್ಣಿನ ಡಾಕ್ಟರಾಗಿ ಕೇಳಿದರೆ, ಈ ಕಣ್ಣು ಬೇರೆ ಬಾಕ್ಸರುಗಳ ಕಣ್ಣಿಗಿಂತ ಹೆಚ್ಚು ಅಪಾಯದಲ್ಲಿದೆ ಅಂತ ಹೇಳೋಕೆ ನನ್ನ ಹತ್ತಿರ ಆಧಾರ ಇಲ್ಲ. ಒಂದು ವ್ಯತ್ಯಾಸ ಇದೆ. ಬೇರೆಯವರ ಕಣ್ಣಿನ ಅಂಚನ್ನು ಯಾರೂ ಇಷ್ಟು ಸಲ ನೋಡಿಲ್ಲ.”

ಹೊರಗೆ ಕಾಯಲು ಹೇಳಿದರು. ಬಾಕ್ಸರ್ ಟೈ ಕಟ್ಟಿಕೊಂಡು ಬಂದಿದ್ದ, ಅದು ಕೋಚಿನದು, ತೀರ ಉದ್ದ. ಕೊನೆಗೆ ಕರೆದು ಹೇಳಿದರು: ಲೈಸೆನ್ಸ್ ಕೊಡುತ್ತೇವೆ, ಪ್ರತಿ ಪಂದ್ಯದ ನಂತರ ಕಣ್ಣು ಪರೀಕ್ಷೆಯಾಗಬೇಕು, ಮಾಡಬೇಕಾದವರು ನೀವೇ.

ಚಳಿಗಾಲದಲ್ಲಿ ಅವನು ಸಣ್ಣಪುಟ್ಟ ಸಭಾಂಗಣಗಳಲ್ಲಿ ಆಡಿ ಗೆದ್ದ. ಪ್ರತಿ ಸಲವೂ ಬಂದು ಕಣ್ಣು ತೋರಿಸಿದ. ಮುಂದಿನ ವಸಂತದಲ್ಲಿ ಪಟ್ಟದ ಪಂದ್ಯ ಮತ್ತೆ ಗೊತ್ತಾಯಿತು, ಹಿಂದಿನ ವರ್ಷ ಅವನ ಬದಲು ಆಡಿ ಗೆದ್ದವನ ಜೊತೆಗೇ. ಪಂದ್ಯವನ್ನು ಕಂಪ್ಯೂಟರಿನಲ್ಲಿ ತೋರಿಸುತ್ತೇವೆ ಎಂದಿದ್ದ ಕಂಪನಿ ಅಷ್ಟರಲ್ಲಿ ಬಾಗಿಲು ಹಾಕಿತ್ತು. ಈ ಸಲ ಬ್ರೆಜಿಲಿನ ಟಿವಿಯವರೇ ಬಂದಿದ್ದರು.

ಟೆಕ್ನಿಶಿಯನ್ ಟಿಕೆಟ್ ತಂದು ಕೈಯಲ್ಲಿಟ್ಟಳು. ಶನಿವಾರ ಮಧ್ಯಾಹ್ನ ಯಜಮಾನರೇ ಅಟ್ಲಾಂಟಿಕ್ ಸಿಟಿಗೆ ಡ್ರೈವ್ ಮಾಡಿದರು. ದಾರಿಯುದ್ದಕ್ಕೂ, “ನೀನು ಕಣ್ಣು ಮುಚ್ಕೊಂಡು ಕೂರೋದಾದ್ರೆ ಮನೇಲೇ ಕೂರಬಹುದಿತ್ತಲ್ಲ,” ಎಂದು ರೇಗಿಸುತ್ತಿದ್ದರು. ಒಳಗೆ ಹಸಿರು ಹಳದಿ ಬಾವುಟಗಳು, ಡೋಲು. ಐರನ್‌ಬೌಂಡಿನ ಅರ್ಧ ಜನ ಅಲ್ಲೇ ಇದ್ದರು.

ನಾನು ಕಣ್ಣು ಮುಚ್ಚಲಿಲ್ಲ. ಮುಚ್ಚಲು ಆಗಲಿಲ್ಲ. ಮೊದಲ ಸುತ್ತುಗಳಲ್ಲಿ ನಾನು ನೋಡಿದ್ದು ಅವನ ಎಡಗೈಯೊಂದನ್ನೇ. ಚಾಚುತ್ತಿತ್ತು, ಕೆನ್ನೆಗೆ ಮರಳುತ್ತಿತ್ತು. ಎದುರಾಳಿ ಎತ್ತರದವನು, ಅವನ ಬಲಗೈ ಮತ್ತೆ ಮತ್ತೆ ಆ ಕಡೆಗೇ ಬರುತ್ತಿತ್ತು. ಎಡಗಣ್ಣಿನ ವಿಷಯ ಅವರ ಕಡೆಯವರಿಗೂ ತಿಳಿದಿತ್ತೆಂದು ಕಾಣುತ್ತದೆ. ಬಹುಪಾಲು ಏಟುಗಳು ಕೈಗವಸಿನ ಮೇಲೆ ಬಿದ್ದವು. ಒಂದೆರಡು ಕೈಗವಸು ದಾಟಿ ಬಂದವು. ನಡುವಿನ ಒಂದು ಸುತ್ತಿನಲ್ಲಿ ಗಟ್ಟಿ ಏಟೊಂದು ನೇರ ರೆಪ್ಪೆಯ ಮೇಲೆ ಬಿತ್ತು. ಸುತ್ತು ಮುಗಿದಾಗ ರಿಂಗ್ ಪಕ್ಕದ ವೈದ್ಯರು ಹತ್ತಿ ಹೋಗಿ, ಟಾರ್ಚ್ ಹಾಕಿ, ಬೆರಳು ತೋರಿಸಿ ಎಷ್ಟೆಂದು ಕೇಳಿದರು. ಅವನು ಸರಿಯಾಗಿ ಹೇಳಿರಬೇಕು, ಇಳಿದು ಬಂದರು.

ಕೊನೆಯ ಸುತ್ತುಗಳ ಹೊತ್ತಿಗೆ ಎದುರಾಳಿ ದಣಿದಿದ್ದ. ಒಮ್ಮೆ ಬಾಗಿ, ಬಲಗೈಯನ್ನು ಕೆಳಗಿನಿಂದ, ಸೊಂಟದ ಬದಿಯಿಂದ ಮೇಲಕ್ಕೆ ಬೀಸಿದ. ಜಿಮ್ಮಿನಲ್ಲಿ ನಾನು ಹೆಬ್ಬೆರಳು ಸಿಕ್ಕಿಸಿಕೊಂಡು ತೋರಿಸಿದ್ದ ಅದೇ ದಾರಿ. ನಮ್ಮವನು ತಲೆಯನ್ನು ಅಷ್ಟೇ ಅಷ್ಟು ಹಿಂದಕ್ಕೆ ತೆಗೆದ. ಮುಷ್ಟಿ ಗಾಳಿಯಲ್ಲಿ ಹೋಯಿತು. ಆ ಖಾಲಿಯೊಳಕ್ಕೆ ಅವನ ಬಲಗೈ ಹೊಕ್ಕಿತು. ಎದುರಾಳಿ ಮೊಣಕಾಲೂರಿದ. ಎದ್ದ. ಮತ್ತೆ ಊರಿದ. ರೆಫರಿ ಎರಡೂ ಕೈ ಬೀಸಿ ನಿಲ್ಲಿಸಿದರು.

“ಕಂಡಿತು ರೀ! ಅವನಿಗೆ ಕಂಡಿತು!” ಎಂದು ನಾನು ಕಿರುಚುತ್ತಿದ್ದೆ. ಯಜಮಾನರು ನನ್ನನ್ನು ಮದುವೆಯಾದಂದಿನಿಂದ ನೋಡಿಯೇ ಇಲ್ಲವೇನೋ ಎನ್ನುವ ಹಾಗೆ ನೋಡಿದರು. ಟೆಕ್ನಿಶಿಯನ್ ಮುಂದಿನ ಸಾಲಿನ ಅಪರಿಚಿತರನ್ನೆಲ್ಲ ತಬ್ಬಿಕೊಂಡು ಅಳುತ್ತಿದ್ದಳು. ರಿಂಗಿನ ಮೇಲೆ ಕೋಚ್ ಅವನ ಸೊಂಟಕ್ಕೆ ಪಟ್ಟದ ಬೆಲ್ಟ್ ಕಟ್ಟುತ್ತಿದ್ದರು. ಎಷ್ಟು ಹುಡುಕಿದರೂ ಕೊಂಡಿ ಸಿಗುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಎಡಿಸನ್ನಿಗೆ ಬಂದ. ರೆಪ್ಪೆ ನೀಲಿಗಟ್ಟಿ ಊದಿತ್ತು, ತುಟಿ ಒಡೆದಿತ್ತು. ಕುರ್ಚಿಯಲ್ಲಿ ಮಲಗಿಸಿ, ಬೆರಳಿನಿಂದ ರೆಪ್ಪೆ ಬಿಡಿಸಿ, ದೀಪ ಹಾಕಿದೆ. ಅಂಥ ಊತದ ಮೇಲೆ ಕಡ್ಡಿ ಒತ್ತುವಂತಿರಲಿಲ್ಲ. ಅವನಿಗೇ ಎಲ್ಲ ದಿಕ್ಕಿಗೂ ಕಣ್ಣು ಹೊರಳಿಸಲು ಹೇಳುತ್ತಾ, ನಾನು ಕುರ್ಚಿಯ ಸುತ್ತ ತಿರುಗಿ ತಿರುಗಿ ನೋಡಿದೆ. ಕೋಚ್ ಗೋಡೆಗೆ ಒರಗಿ ಕಣ್ಣು ಮುಚ್ಚಿ ಏನನ್ನೋ ಗೊಣಗುತ್ತಿದ್ದರು, ಪ್ರಾರ್ಥನೆಯಿರಬೇಕು.

ಕಪ್ಪು ಕೋಟೆ ಹಾಗೇ ಇತ್ತು. ಒಂದು ಕಡೆಯೂ ಸಡಿಲವಾಗಿರಲಿಲ್ಲ. ಹೊಸ ಹರುಕಿಲ್ಲ, ನೀರಿಲ್ಲ. ಇನ್ನೊಂದು ಸುತ್ತು ನೋಡಿದೆ. ಆ ಎರಡನೆಯ ಸಲ ನೋಡಿದ್ದು ಪರೀಕ್ಷೆಗಲ್ಲ. ನಾನು ಮಾಡಿದ ಕೆಲಸ ಅಲ್ಲಿತ್ತು, ಅಷ್ಟು ಏಟು ತಿಂದೂ ಅಲ್ಲೇ ಇತ್ತು, ಸುಮ್ಮನೆ ನೋಡಬೇಕೆನಿಸಿತು.

“ಎಲ್ಲ ಸರಿಯಾಗಿದೆ,” ಎಂದೆ. ಅವನು ಎದ್ದು ಕೂತು, ಚೀಲದಿಂದ ಬೆಲ್ಟ್ ತೆಗೆದು ನನ್ನ ತೊಡೆಯ ಮೇಲಿಟ್ಟ. ನಾನು ಎಣಿಸಿದ್ದಕ್ಕಿಂತ ಬಹಳ ಭಾರವಿತ್ತು.

ಅವರನ್ನು ಬಾಗಿಲ ತನಕ ಕಳಿಸಿ ಮುಂದಿನ ರೋಗಿಯನ್ನು ಕರೆದೆ. ಮಗನ ಮನೆಗೆ ಮೈಸೂರಿನಿಂದ ಬಂದಿದ್ದ ಹಿರಿಯರು. ಕಾದು ಕಾದು ಬೇಸತ್ತಿದ್ದರೂ ಒಳಗೆ ಬರುತ್ತಾ ಮರುಕದಿಂದಲೇ ಕೇಳಿದರು:

“ಏನಮ್ಮಾ, ಆ ಹುಡುಗನ ಮುಖ ನೋಡಿ ನಂಗೆ ಸಂಕಟ ಆಗ್ಹೋಯ್ತು. ಪಾಪ, ಎಲ್ಲಾದ್ರೂ ಬಿದ್ದನಾ?”

“ಇಲ್ಲ ಅಂಕಲ್,” ಎಂದೆ. “ಗೆದ್ದ.”